ಮೋಟಾರ್, ಡ್ರೈವರ್ ಬದಲಾಯಿಸಿದ ಮೇಲೆ ಸಿಎನ್‌ಸಿ ಮಿಲ್ ಅಳತೆ ತಪ್ಪಿದರೆ

ಮನೆ ಮುಂದೆ ಹಾಕುವ ಹಿತ್ತಾಳೆ ಬೋರ್ಡು. ಮೇಲೆ ದೊಡ್ಡದಾಗಿ ‘ಶ್ರೀ’, ಕೆಳಗೆ ಮನೆಯ ಹೆಸರು, ಅದರ ಕೆಳಗೆ ಮನೆಯವರ ಹೆಸರು. ‘ಶ್ರೀ’ ತುಂಬಿಕೊಂಡು ಚೆನ್ನಾಗಿ ಬಂದಿತ್ತು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಅಕ್ಷರ ಕೂದಲೆಳೆಯಷ್ಟು ತೆಳ್ಳಗಾಗಿತ್ತು. ಸಿಎನ್‌ಸಿ ಮಿಲ್‌ಗೆ (ಕಂಪ್ಯೂಟರ್ ಹೇಳಿದಂತೆ ಓಡಿ ಲೋಹ ಕೊರೆಯುವ ಮಷಿನ್) 60 ಡಿಗ್ರಿಯ ವಿ ಬಿಟ್ (ಚೂಪು ತುದಿಯ ಕೊರೆಯುವ ಉಪಕರಣ) ಹಾಕಿ 0.4 ಮಿಮೀ ಆಳ ಕೊಟ್ಟಿದ್ದೆ. ಆ ಆಳಕ್ಕೆ ಗೆರೆಯ ಅಗಲ ಸುಮಾರು 0.46 ಮಿಮೀ ಬರಬೇಕು. ಅಳತೆ ಗೆರೆ ಇರುವ ಭೂತಗನ್ನಡಿಯಲ್ಲಿ ನೋಡಿದೆ. ಮೊದಲ ಅಕ್ಷರದಲ್ಲಿ ಅಷ್ಟೇ ಇತ್ತು. ಕೊನೆಯ ಅಕ್ಷರದಲ್ಲಿ 0.12 ಕೂಡ ಕಷ್ಟ. ಅಂದರೆ ಆಳ 0.1ಕ್ಕೆ ಬಂದು ನಿಂತಿದೆ. ಮಧ್ಯದಲ್ಲೆಲ್ಲೋ 0.3 ಮಿಮೀ ಕಳೆದುಹೋಗಿದೆ.

ಮಷಿನ್‌ಗೆ ಹೊಸ ಮೋಟಾರ್, ಹೊಸ ಡ್ರೈವರ್ (ಮೋಟಾರಿನ ಸುರುಳಿಗೆ ಕರೆಂಟ್ ಕೊಡುವ ಸಾಧನ) ಹಾಕಿ ಇನ್ನೂ ಒಂದು ವಾರ ಆಗಿರಲಿಲ್ಲ. ಪೀಣ್ಯದ ಹತ್ತಿರ ನಮ್ಮದೊಂದು ಚಿಕ್ಕ ಶೆಡ್ ಇದೆ. ಅಲ್ಲಿರುವ ಈ ಮಿಲ್ ಮೊದಲು ಕೈಯಲ್ಲಿ ಹ್ಯಾಂಡಲ್ ತಿರುಗಿಸುವ ಬೆಂಚ್ ಮಿಲ್ ಆಗಿತ್ತು. ಆಮೇಲೆ ಮೂರು ಅಕ್ಷಕ್ಕೂ (ಅಡ್ಡಕ್ಕೆ ಎಕ್ಸ್, ವೈ, ಮೇಲೆ ಕೆಳಗೆ ಝಡ್) 16 ಮಿಮೀ ದಪ್ಪದ, ಸುತ್ತಿಗೆ 5 ಮಿಮೀ ಸಾಗುವ ಬಾಲ್ ಸ್ಕ್ರೂ ಹಾಕಿ ಸಿಎನ್‌ಸಿ ಮಾಡಿದೆವು. ಆಗ ಹಾಕಿದ್ದು ಟಿಬಿ6560 ಡ್ರೈವರ್ ಬೋರ್ಡ್, 24 ವೋಲ್ಟ್ ಸಪ್ಲೈ, ಪ್ರಿಂಟರ್ ಪೋರ್ಟ್ ಇರುವ ಹಳೇ ಕಂಪ್ಯೂಟರ್. ನಿಮಿಷಕ್ಕೆ 1200 ಮಿಮೀ ದಾಟಿದರೆ ಮೋಟಾರ್ ಕಿರುಚಿ ನಿಂತುಬಿಡುತ್ತಿತ್ತು. ಅದಕ್ಕೇ ಈ ಸಲ ಎಲ್ಲವನ್ನೂ ಬದಲಾಯಿಸಿದೆ. 18.9 ಕೆಜಿ-ಸೆಂಮೀ ಬಲದ ಮೂರು ನೆಮಾ 23 ಅಳತೆಯ ಸ್ಟೆಪ್ಪರ್ ಮೋಟಾರ್ (ಒಂದೊಂದೇ ಹೆಜ್ಜೆಯಾಗಿ ತಿರುಗುವ ಮೋಟಾರ್), ಮೂರು ಡಿಎಂ542 ಡ್ರೈವರ್, 36 ವೋಲ್ಟ್ ಎಸ್‌ಎಂಪಿಎಸ್ ಸಪ್ಲೈ, ಕಂಪ್ಯೂಟರ್ ಬದಲು ಆರ್ಡುಯಿನೊ ಉನೊ ಅನ್ನುವ ಚಿಕ್ಕ ಕಂಟ್ರೋಲರ್ ಬೋರ್ಡ್ ಮೇಲೆ ಜಿಆರ್‌ಬಿಎಲ್ ಅನ್ನುವ ಸಾಫ್ಟ್‌ವೇರ್. ಒಂದೇ ದಿನ ಎಸ್‌ಪಿ ರಸ್ತೆಗೆ ಹೋಗಿ ಎಲ್ಲ ಸಾಮಾನು ತಂದು, ಒಂದೇ ಭಾನುವಾರ ಕೂಡಿಸಿದೆ.

ಒಂದೇ ಸಲ ನಾಲ್ಕು ಸಾಮಾನು ಬದಲಾಯಿಸಿದರೆ, ತಪ್ಪು ಬಂದಾಗ ನಾಲ್ಕರ ಮೇಲೂ ಅನುಮಾನ. ಆದ್ದರಿಂದ ಹುಡುಕಾಟವೂ ಉದ್ದವಾಯಿತು. ನಾನು ಯಾವ ಕ್ರಮದಲ್ಲಿ ಹುಡುಕಿದೆ, ಯಾವ ಕ್ರಮದಲ್ಲಿ ಹುಡುಕಬೇಕಿತ್ತು, ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಸ್ಕ್ರೂಡ್ರೈವರ್ ಮುಟ್ಟುವ ಮೊದಲು

ಅಳತೆ ತಪ್ಪಿದ ತಕ್ಷಣ ಕರೆಂಟ್ ಹೆಚ್ಚಿಸೋಣ, ವೇಗ ಇಳಿಸೋಣ ಅನ್ನಿಸುತ್ತದೆ. ತಡೆಯಿರಿ. ಮೊದಲು ತಪ್ಪು ಯಾವುದರ ಜೊತೆ ಬೆಳೆಯುತ್ತದೆ ಅಂತ ನೋಡಿ. ಎಲ್ಲ ಉತ್ತರವೂ ಅಲ್ಲೇ ಇರುತ್ತದೆ.

ವೇಗ ಜಾಸ್ತಿಯಾದಂತೆ ತಪ್ಪು ಜಾಸ್ತಿಯಾದರೆ ಮೋಟಾರ್ ಹೆಜ್ಜೆ ಬಿಡುತ್ತಿದೆ ಅಂತ ಅರ್ಥ. ಅದು ವೋಲ್ಟೇಜ್, ಕರೆಂಟ್, ಆಕ್ಸಿಲರೇಷನ್ ವಿಷಯ. ಬೆಡ್ಡಿನ ಒಂದೇ ಜಾಗದಲ್ಲಿ ಪ್ರತಿ ಸಲ ತಪ್ಪಿದರೆ ಸ್ಕ್ರೂ ಅಥವಾ ಕೇಬಲ್. ಹೊತ್ತು ಕಳೆದಂತೆ, ಬಿಸಿಯಾದಂತೆ ತಪ್ಪಿದರೆ ಡ್ರೈವರ್ ಅಥವಾ ಸಪ್ಲೈ. ಸ್ಪಿಂಡಲ್ (ಬಿಟ್ ಹಿಡಿದು ತಿರುಗಿಸುವ ಭಾಗ) ಓಡುವಾಗ ಮಾತ್ರ ತಪ್ಪಿದರೆ ವಿದ್ಯುತ್ ಗದ್ದಲ, ಅಂದರೆ ಸಿಗ್ನಲ್ ತಂತಿಗೆ ಹೊರಗಿನಿಂದ ನುಗ್ಗುವ ತೊಂದರೆ. ಯಾವಾಗ ನೋಡಿದರೂ ಅರ್ಧ, ಇಲ್ಲವೇ ಎರಡು ಪಟ್ಟು ಹೋದರೆ ಅದು ಬರೀ ಲೆಕ್ಕದ ತಪ್ಪು. ಅಕ್ಷ ಎಷ್ಟು ಸಲ ದಿಕ್ಕು ಬದಲಾಯಿಸಿತೋ ಅಷ್ಟು ತಪ್ಪಿದರೆ, ಅದು ಬೇರೆಯದೇ ಜಾತಿಯ ದೋಷ. ನನ್ನದು ಅದೇ ಆಗಿತ್ತು.

ಈ ಕೆಲಸಕ್ಕೆ 0.01 ಮಿಮೀ ತೋರಿಸುವ ಡಯಲ್ ಗೇಜ್ ಮತ್ತು ಮ್ಯಾಗ್ನೆಟಿಕ್ ಸ್ಟ್ಯಾಂಡ್ ಬೇಕೇ ಬೇಕು. ಸ್ಕೇಲು, ಕ್ಯಾಲಿಪರ್ ಹಿಡಿದು ಇಂಥ ದೋಷ ಹುಡುಕಲು ಆಗುವುದಿಲ್ಲ.

ಪವರ್ ಆಫ್ ಇರುವಾಗಲೇ ನೋಡಬೇಕಾದ್ದು

ಡ್ರೈವರ್‌ಗೆ ಪವರ್ ಇರುವಾಗ ಮೋಟಾರಿನ ತಂತಿ ಬಿಚ್ಚಬೇಡಿ, ಜೋಡಿಸಬೇಡಿ. ಸುರುಳಿಯಲ್ಲಿ ಕರೆಂಟ್ ಹರಿಯುತ್ತಿರುವಾಗ ತಂತಿ ಕಿತ್ತರೆ ಅಲ್ಲಿ ಏಳುವ ವೋಲ್ಟೇಜ್ ಡ್ರೈವರಿನ ಔಟ್‌ಪುಟ್ ಅನ್ನು ಸುಟ್ಟುಬಿಡುತ್ತದೆ. ಹಳೇ ಡ್ರೈವರ್ ಬೋರ್ಡಿನ ಒಂದು ಅಕ್ಷ ನಮ್ಮಲ್ಲಿ ಹೀಗೇ ಹೋಯಿತು. ಕನೆಕ್ಟರಿನ ರಿಂಗ್ ಸಡಿಲವಾಗಿತ್ತು, ಮಷಿನ್ ಅದುರಿದಾಗ ತಾನೇ ಬಿಟ್ಟುಕೊಂಡಿತು. ಆದ್ದರಿಂದ ಕನೆಕ್ಟರಿನ ರಿಂಗ್ ಕೈಯಲ್ಲಿ ತಿರುಗಿಸಿ ಬಿಗಿಯಿದೆಯಾ ಅಂತ ಮೊದಲು ನೋಡಿ.

ನಾಲ್ಕು ತಂತಿಯ ಮೋಟಾರಿನಲ್ಲಿ ಎರಡೆರಡು ತಂತಿಗೆ ಒಂದೊಂದು ಸುರುಳಿ. ಕಪ್ಪು-ಹಸಿರು ಒಂದು ಜೋಡಿ, ಕೆಂಪು-ನೀಲಿ ಇನ್ನೊಂದು ಜೋಡಿ ಅನ್ನುವುದು ಸಾಮಾನ್ಯ. ಆದರೆ ಬಣ್ಣವನ್ನು ನಂಬಬೇಡಿ. ಮೋಟಾರನ್ನು ಡ್ರೈವರಿನಿಂದ ಬಿಡಿಸಿ, ಯಾವುದಾದರೂ ಎರಡು ತಂತಿಯ ತುದಿ ಸೇರಿಸಿ ಹಿಡಿದು ಶಾಫ್ಟನ್ನು ಬೆರಳಲ್ಲಿ ತಿರುಗಿಸಿ. ತಟಕ್ ತಟಕ್ ಅಂತ ಬಿಗಿಯಾಗಿ ತಿರುಗಿದರೆ ಅವೆರಡೂ ಒಂದೇ ಸುರುಳಿಯವು. ಸಲೀಸಾಗಿ ತಿರುಗಿದರೆ ಅಲ್ಲ. ಮೀಟರಿಗಿಂತ ಇದು ಬೇಗ ಗೊತ್ತಾಗುತ್ತದೆ. ಜೋಡಿ ತಪ್ಪಿದ್ದರೆ ಮೋಟಾರ್ ತಿರುಗುವುದಿಲ್ಲ, ನಿಂತಲ್ಲೇ ನಡುಗುತ್ತದೆ. ಒಂದು ಸುರುಳಿಯ ತಂತಿ ತುಂಡಾಗಿದ್ದರೂ ಹಾಗೇ. ಆಗ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಜಗ್ಗಬಹುದು.

ತಂತಿ ತುಂಡಾಗುವುದು ಸಾಮಾನ್ಯವಾಗಿ ಕೇಬಲ್ ಚೈನ್ ಒಳಗೆ. ಹೊರಗಿನ ಪ್ಲಾಸ್ಟಿಕ್ ಚೆನ್ನಾಗಿಯೇ ಇರುತ್ತದೆ, ಒಳಗಿನ ತಾಮ್ರ ಮುರಿದಿರುತ್ತದೆ. ಪವರ್ ತೆಗೆದು, ಡ್ರೈವರ್ ತುದಿಯಲ್ಲಿ ಆ ಜೋಡಿಗೆ ಮೀಟರ್ ಹಚ್ಚಿ, ಕೇಬಲನ್ನು ಗೇಣುಗೇಣಾಗಿ ಬಗ್ಗಿಸುತ್ತಾ ಹೋಗಿ. ಓಮ್ ಒಮ್ಮೆಲೇ ಜಿಗಿದರೆ ಅಲ್ಲೇ ಇದೆ.

ಇನ್ನೊಂದು ಕಪ್ಲಿಂಗ್, ಅಂದರೆ ಮೋಟಾರಿನ ಶಾಫ್ಟನ್ನು ಬಾಲ್ ಸ್ಕ್ರೂಗೆ ಜೋಡಿಸುವ ತುಂಡು. ಹಳೇ ಮೋಟಾರಿನ ಶಾಫ್ಟ್ 6.35 ಮಿಮೀ, ಹೊಸದು 8 ಮಿಮೀ. ನೆಮಾ 23ರಲ್ಲಿ ಎರಡೂ ಸಿಗುತ್ತವೆ. ಮುಂಭಾಗದ ಅಳತೆ ಒಂದೇ ಆದ್ದರಿಂದ ಮೋಟಾರ್ ಸರಿಯಾಗಿ ಕೂತುಬಿಡುತ್ತದೆ, ಕಪ್ಲಿಂಗ್ ಮಾತ್ರ ಹೊಂದುವುದಿಲ್ಲ. ಕಪ್ಲಿಂಗ್ ಹೊಸದು ಹಾಕಿದ ಮೇಲೂ ಗ್ರಬ್ ಸ್ಕ್ರೂ ಶಾಫ್ಟಿನ ಚಪ್ಪಟೆ ಜಾಗದ ಮೇಲೆ ಕೂತಿದೆಯಾ ನೋಡಿ. ಗುಂಡನೆಯ ಭಾಗದ ಮೇಲೆ ಕೂತ ಗ್ರಬ್ ಸ್ಕ್ರೂ ಮೊದಲ ದಿನ ಹಿಡಿಯುತ್ತದೆ, ಮೂರನೇ ದಿನ ಜಾರುತ್ತದೆ. ಇದನ್ನು ಕಂಡುಹಿಡಿಯಲು ಮಾರ್ಕರ್ ಪೆನ್ ಸಾಕು. ಶಾಫ್ಟ್ ಮೇಲಿಂದ ಕಪ್ಲಿಂಗ್ ಮೇಲೆ, ಅಲ್ಲಿಂದ ಸ್ಕ್ರೂ ಮೇಲೆ ಒಂದೇ ನೇರ ಗೆರೆ ಎಳೆಯಿರಿ. ಒಂದು ಜಾಬ್ ಓಡಿಸಿ ಬಂದು ನೋಡಿ. ಗೆರೆ ಮುರಿದಿದ್ದರೆ ಎಲೆಕ್ಟ್ರಾನಿಕ್ಸ್ ಕಡೆ ಹೋಗುವ ಅಗತ್ಯವೇ ಇಲ್ಲ. ನನ್ನ ಮೂರೂ ಗೆರೆ ನೇರವಾಗಿಯೇ ಇದ್ದವು.

ಕೈಯಲ್ಲಿ ಸ್ಕ್ರೂ ತಿರುಗಿಸಿ, ಬೆಡ್ ತುದಿಯಿಂದ ತುದಿಗೆ ಒಂದೇ ಸಮ ಸಾಗುತ್ತದಾ ಅಂತಲೂ ನೋಡಿ. ಶಕ್ತಿಯ ಮೋಟಾರ್ ಹಾಕಿದ ಮೇಲೆ ಗಿಬ್ಬಿನ (ಜಾರುವ ಭಾಗದ ಸಡಿಲ ತೆಗೆಯುವ ಪಟ್ಟಿ) ಬಿಗಿ ಗೊತ್ತಾಗದಂತೆ ಮುಚ್ಚಿಹೋಗುತ್ತದೆ. ತಿರುಗಿಸುವಾಗ ಮೆಲ್ಲಗೆ ತಿರುಗಿಸಿ. ಜೋರಾಗಿ ತಿರುಗಿಸಿದರೆ ಮೋಟಾರ್ ಡೈನಮೋ ಆಗಿ ಡ್ರೈವರ್‌ಗೆ ವೋಲ್ಟೇಜ್ ಕಳಿಸುತ್ತದೆ.

ಬೇರಿಂಗ್ ನೋಡೋಣ ಅಂತ ಸ್ಟೆಪ್ಪರ್ ಮೋಟಾರನ್ನು ಮಾತ್ರ ಬಿಚ್ಚಬೇಡಿ. ಒಳಗಿನ ರೋಟರನ್ನು ಹೊರಗೆ ಎಳೆದರೆ ಅದರ ಅಯಸ್ಕಾಂತದ ಶಕ್ತಿ ಕುಗ್ಗುತ್ತದೆ. ಮತ್ತೆ ಕೂಡಿಸಿದರೂ ಮೊದಲಿನ ಬಲ ಬರುವುದಿಲ್ಲ.

ಅರ್ಧ ಹೋಗುತ್ತಿದೆ, ಎರಡು ಪಟ್ಟು ಹೋಗುತ್ತಿದೆ

ಇದು ಸುಲಭದ್ದು. ಮೋಟಾರಿನ ಒಂದು ಸುತ್ತಿಗೆ 200 ಹೆಜ್ಜೆ. ಡ್ರೈವರಿನಲ್ಲಿ 8 ಮೈಕ್ರೋಸ್ಟೆಪ್ ಇಟ್ಟರೆ, ಅಂದರೆ ಒಂದು ಹೆಜ್ಜೆಯನ್ನು 8 ತುಂಡು ಮಾಡಿದರೆ, 1600 ಪಲ್ಸ್. ಸುತ್ತಿಗೆ 5 ಮಿಮೀ ಸಾಗಿದರೆ ಒಂದು ಮಿಮೀಗೆ 320 ಪಲ್ಸ್. ಜಿಆರ್‌ಬಿಎಲ್‌ನಲ್ಲಿ ಡಾಲರ್ ($) ಗುರುತಿನ 100, 101, 102ನೇ ಸೆಟ್ಟಿಂಗ್‌ನಲ್ಲಿ ಈ ಸಂಖ್ಯೆ ಇರಬೇಕು. 100 ಮಿಮೀ ಅಂದರೆ 50 ಹೋಯಿತು ಅಥವಾ 200 ಹೋಯಿತು ಅಂದರೆ ಡ್ರೈವರಿನ ಪಕ್ಕದ ಚಿಕ್ಕ ಸ್ವಿಚ್ಚುಗಳು ಮತ್ತು ಈ ಸಂಖ್ಯೆ ಹೊಂದುತ್ತಿಲ್ಲ ಅಂತ. 100ಕ್ಕೆ 101.6 ಹೋದರೆ ನಿಮ್ಮ ಸ್ಕ್ರೂ ಇಂಚಿನ ಲೆಕ್ಕದ್ದು. ಇಂಚಿನ ಐದನೇ ಒಂದು ಭಾಗ ಅಂದರೆ 5.08 ಮಿಮೀ.

ಮೈಕ್ರೋಸ್ಟೆಪ್ ಜಾಸ್ತಿ ಇಟ್ಟರೆ ನಾಜೂಕು ಜಾಸ್ತಿ ಅಂತ 16, 32 ಇಡುವವರಿದ್ದಾರೆ. ಉನೊ ಮೇಲಿನ ಜಿಆರ್‌ಬಿಎಲ್ ಸೆಕೆಂಡಿಗೆ ಸುಮಾರು 30,000 ಪಲ್ಸ್ ಕೊಡಬಲ್ಲದು, ಅದರ ಮೇಲೆ ಆಗುವುದಿಲ್ಲ. ನಿಮಿಷಕ್ಕೆ 3000 ಮಿಮೀ ಓಡಬೇಕಾದರೆ 8ರಲ್ಲಿ 16,000 ಪಲ್ಸ್ ಸಾಕು. 16ರಲ್ಲಿ 32,000 ಬೇಕು. ಅಲ್ಲಿಗೆ ಲಿಮಿಟ್ ದಾಟಿತು. ಚಿಕ್ಕ ಮಿಲ್‌ಗೆ 8 ಸಾಕು ಅನ್ನುವುದು ನನ್ನ ಅಭಿಪ್ರಾಯ.

ವೇಗದಲ್ಲಿ ಹೆಜ್ಜೆ ಬಿಡುವುದು

ಹೊಸ ಮೋಟಾರ್ ಹಾಕಿದವರು ಮೊದಲು ಎಡವುವುದು ಇಲ್ಲೇ. ದೊಡ್ಡ ಮೋಟಾರ್ ಅಂದರೆ ವೇಗದ ಮೋಟಾರ್ ಅಲ್ಲ. ಡಬ್ಬದ ಮೇಲೆ ಬರೆದ ಬಲ ನಿಂತಾಗಿನ ಬಲ. ಓಡುವಾಗಿನ ಬಲವನ್ನು ತೀರ್ಮಾನಿಸುವುದು ಸುರುಳಿಯ ಇಂಡಕ್ಟೆನ್ಸ್ (ಕರೆಂಟ್ ಬೇಗ ಏರದಂತೆ ತಡೆಯುವ ಗುಣ, ಮಿಲಿಹೆನ್ರಿಯಲ್ಲಿ ಅಳೆಯುವುದು) ಮತ್ತು ನಿಮ್ಮ ಸಪ್ಲೈ ವೋಲ್ಟೇಜ್.

ನನ್ನ ಮೋಟಾರಿನ ಲೆಕ್ಕ ನೋಡಿ. ಚೀಟಿಯಲ್ಲಿ 2.8 ಆಂಪಿಯರ್, 3.2 ಮಿಲಿಹೆನ್ರಿ ಅಂತಿದೆ. ನಿಮಿಷಕ್ಕೆ 3000 ಮಿಮೀ ಅಂದರೆ ಸ್ಕ್ರೂ 600 ಸುತ್ತು, ಸೆಕೆಂಡಿಗೆ 10 ಸುತ್ತು, 2000 ಪೂರ್ಣ ಹೆಜ್ಜೆ. ಒಂದು ಹೆಜ್ಜೆಗೆ ಸಿಗುವ ಸಮಯ 0.5 ಮಿಲಿಸೆಕೆಂಡ್. ಸುರುಳಿಯಲ್ಲಿ ಸೊನ್ನೆಯಿಂದ 2.8 ಆಂಪಿಯರ್ ಏರಲು 24 ವೋಲ್ಟ್‌ನಲ್ಲಿ ಸುಮಾರು 0.37 ಮಿಲಿಸೆಕೆಂಡ್ ಬೇಕು. ಹೆಜ್ಜೆಯ ಮುಕ್ಕಾಲು ಸಮಯ ಕರೆಂಟ್ ಏರುವುದಕ್ಕೇ ಹೋಯಿತು. ಇನ್ನು ಬಲ ಎಲ್ಲಿಂದ ಬರಬೇಕು? 36 ವೋಲ್ಟ್‌ನಲ್ಲಿ ಅದು 0.25ಕ್ಕೆ ಇಳಿಯುತ್ತದೆ, 48ರಲ್ಲಿ 0.19ಕ್ಕೆ. ಮೋಟಾರ್ ತಿರುಗುವಾಗ ತಾನೇ ಹುಟ್ಟಿಸುವ ಎದುರು ವೋಲ್ಟೇಜನ್ನು ಇಲ್ಲಿ ಸೇರಿಸಿಲ್ಲ. ಅದನ್ನೂ ಸೇರಿಸಿದರೆ 24 ವೋಲ್ಟ್‌ನ ಪಾಡು ಇನ್ನೂ ಕಷ್ಟ. ನನ್ನ ಹಳೇ ಮಷಿನ್ 1200ಕ್ಕೆ ಕಿರುಚುತ್ತಿದ್ದದ್ದಕ್ಕೆ ಮೋಟಾರಿಗಿಂತ 24 ವೋಲ್ಟ್ ಸಪ್ಲೈಯೇ ಜಾಸ್ತಿ ಕಾರಣ ಇರಬೇಕು. ಬರೀ ಸಪ್ಲೈ ಮತ್ತು ಡ್ರೈವರ್ ಬದಲಾಯಿಸಿ ಮೊದಲು ನೋಡಬೇಕಿತ್ತು.

ಎಷ್ಟು ವೋಲ್ಟ್ ತನಕ ಹೋಗಬಹುದು ಅನ್ನುವುದಕ್ಕೆ ಈ ಕೆಲಸದವರು ಬಳಸುವ ಒಂದು ಸೂತ್ರ ಇದೆ. ಮಿಲಿಹೆನ್ರಿಯ ವರ್ಗಮೂಲವನ್ನು 32ರಿಂದ ಗುಣಿಸಿ. ನನಗೆ 57 ಬರುತ್ತದೆ. ಅದು ಮೇಲಿನ ಗಡಿ. ಆದರೆ ಡಿಎಂ542 ತಡೆಯುವುದು 50 ವೋಲ್ಟ್. ಅಕ್ಷ ಗಕ್ಕನೆ ನಿಂತಾಗ ಮೋಟಾರಿನಿಂದ ಸಪ್ಲೈ ಕಡೆಗೆ ವೋಲ್ಟೇಜ್ ವಾಪಸ್ ಬರುತ್ತದೆ, ಅದಕ್ಕೆ ಸ್ವಲ್ಪ ಜಾಗ ಬಿಡಬೇಕು. 36 ಇಟ್ಟರೆ ನೆಮ್ಮದಿ.

ಕರೆಂಟ್ ಸ್ವಿಚ್‌ನಲ್ಲಿ ತುಂಬಾ ಜನ ತಪ್ಪುತ್ತಾರೆ. ನನ್ನ ಮೋಟಾರ್ 2.8, ಡ್ರೈವರ್ ಮೇಲಿನ ಪಟ್ಟಿಯಲ್ಲಿ 2.84 ಅಂತ ಒಂದು ಸಾಲಿದೆ. ಸರಿಯಾಗಿ ಹೊಂದಿತು ಅಂತ ಅದನ್ನೇ ಇಟ್ಟಿದ್ದೆ. ಆದರೆ ಪಟ್ಟಿಯಲ್ಲಿ ಎರಡು ಅಂಕಣ ಇವೆ. 2.84 ಅನ್ನುವುದು ಪೀಕ್, ಅಂದರೆ ಏರಿಳಿಯುವ ಕರೆಂಟಿನ ತುತ್ತತುದಿ. ಅದರ ಪಕ್ಕದಲ್ಲಿ ಆರ್‌ಎಂಎಸ್ (ಒಂದು ಬಗೆಯ ಸರಾಸರಿ) 2.03 ಅಂತಿದೆ. ಮೋಟಾರಿನ ಚೀಟಿಯಲ್ಲಿರುವುದು ಸಾಮಾನ್ಯವಾಗಿ ಆರ್‌ಎಂಎಸ್. ಅಂದರೆ ನಾನು ಕೊಟ್ಟದ್ದು ಮುಕ್ಕಾಲು ಪಾಲಿಗಿಂತಲೂ ಕಡಿಮೆ. ಸರಿಯಾದ ಸಾಲು 3.76, ಅದರ ಆರ್‌ಎಂಎಸ್ 2.69. ಮೂರೂ ಡ್ರೈವರಿಗೆ ಅದನ್ನು ಇಟ್ಟೆ.

ಅಕ್ಷಗಳು ಗಟ್ಟಿಯಾದವು. ಆದರೆ ಬೋರ್ಡಿನ ಕೊನೆಯ ಸಾಲು ಹಾಗೇ ತೆಳ್ಳಗೆ ಬಂತು. 0.3 ಮಿಮೀ. ಒಂದು ಕೂದಲೂ ಆಚೀಚೆ ಇಲ್ಲ. ಇಷ್ಟು ಕರೆಂಟ್ ಬದಲಾದರೂ ತಪ್ಪು ಬದಲಾಗಲಿಲ್ಲ ಅಂದಮೇಲೆ ಬಲದ ಕಡೆ ಹುಡುಕುವುದನ್ನು ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಆಕ್ಸಿಲರೇಷನ್ ಅರ್ಧ ಮಾಡಿದೆ, ಝಡ್ ವೇಗ ಕಾಲು ಭಾಗ ಮಾಡಿದೆ. ಒಂದು ಇಡೀ ದಿನ ಹೋಯಿತು.

ಬಿಸಿ ಮತ್ತು ಗದ್ದಲ

ಬೆಳಿಗ್ಗೆ ಸರಿ, ಮಧ್ಯಾಹ್ನ ತಪ್ಪು ಅಂದರೆ ಡ್ರೈವರ್ ಪೆಟ್ಟಿಗೆ ಮುಟ್ಟಿ ನೋಡಿ. ಶೀಟ್ ಚಾವಣಿಯ ಶೆಡ್‌ನಲ್ಲಿ ಏಪ್ರಿಲ್ ತಿಂಗಳಲ್ಲಿ ಮುಚ್ಚಿದ ಪೆಟ್ಟಿಗೆಯೊಳಗೆ ಡ್ರೈವರ್ ಇಟ್ಟರೆ ಫ್ಯಾನ್ ಬೇಕು. ಮೋಟಾರ್ ಕೈ ಇಡಲಾಗದಷ್ಟು ಬಿಸಿಯಾದರೆ ಹೆದರಬೇಡಿ, 70 ಡಿಗ್ರಿ ಸ್ಟೆಪ್ಪರಿಗೆ ಮಾಮೂಲು. ನಿಂತಾಗ ಕರೆಂಟ್ ಅರ್ಧ ಮಾಡುವ ಸ್ವಿಚ್ ಡ್ರೈವರಿನಲ್ಲಿದೆ, ಅದನ್ನು ಬಳಸಿ. ಸಪ್ಲೈ ಸಾಲುತ್ತಿದೆಯಾ ಅಂತ ನೋಡಲು ಮೂರೂ ಅಕ್ಷ ಒಟ್ಟಿಗೆ ಓಡುವಾಗ ಡ್ರೈವರ್ ಟರ್ಮಿನಲ್‌ನಲ್ಲಿ ವೋಲ್ಟ್ ಅಳೆಯಿರಿ. ಮೋಟಾರುಗಳ ಒಟ್ಟು ಆಂಪಿಯರಿನ ಮೂರನೇ ಎರಡು ಭಾಗ ಸಪ್ಲೈ ಕೊಟ್ಟರೆ ಸಾಕು. ನನಗೆ 5.6, ಸಪ್ಲೈ 10ರದ್ದು.

ಸ್ಪಿಂಡಲ್‌ಗೆ ವಿಎಫ್‌ಡಿ (ಅದರ ವೇಗ ಬದಲಾಯಿಸುವ ಸಾಧನ) ಇದ್ದರೆ ಗದ್ದಲದ ಅನುಮಾನ ಸಹಜ. ಪರೀಕ್ಷೆ ಸುಲಭ. ಅದೇ ಪ್ರೋಗ್ರಾಮನ್ನು ಸ್ಪಿಂಡಲ್ ಆಫ್ ಮಾಡಿ ಗಾಳಿಯಲ್ಲಿ ಓಡಿಸಿ. ತಪ್ಪು ಮಾಯವಾದರೆ ಗದ್ದಲ, ಇಲ್ಲವೇ ಕಟಿಂಗ್ ಒತ್ತಡ. ಗದ್ದಲದ ತಪ್ಪು ಪ್ರತಿ ಸಲ ಬೇರೆ ಬೇರೆ ಇರುತ್ತದೆ, ಅದೇ ಅದರ ಗುರುತು. ಸಿಗ್ನಲ್ ಕೇಬಲನ್ನು ಸ್ಪಿಂಡಲ್ ಕೇಬಲಿನಿಂದ ದೂರ ಒಯ್ಯಿರಿ, ಶೀಲ್ಡನ್ನು ಪೆಟ್ಟಿಗೆಯ ತುದಿಯಲ್ಲಿ ಮಾತ್ರ ಅರ್ಥ್ ಮಾಡಿ, ಎಲ್ಲ ಅರ್ಥ್ ತಂತಿ ಒಂದೇ ಬೋಲ್ಟಿಗೆ ಬರಲಿ.

ಝಡ್ ಮೇಲಕ್ಕೆ ಏರುತ್ತಿತ್ತು

ಮೂರನೇ ದಿನ ನಮ್ಮ ಶೆಡ್ಡಿನ ಹುಡುಗ ಒಂದು ಮಾತು ಹೇಳಿದ. ನಾನು ಅಷ್ಟೂ ಹೊತ್ತು ಸ್ಪಿಂಡಲ್ ಭಾರ ಜಾಸ್ತಿ, ಝಡ್ ಮೋಟಾರ್ ತಡೆಯುತ್ತಿಲ್ಲ ಅಂತಲೇ ಅಂದುಕೊಂಡಿದ್ದೆ.

“ಅಣ್ಣಾ, ಭಾರಕ್ಕೆ ಜಾರ್ತಿದ್ರೆ ಕೆಳಗಲ್ವಾ ಹೋಗ್ಬೇಕು? ಅಕ್ಷರ ತೆಳ್ಳಗಾಗ್ತಿದೆ ಅಂದ್ರೆ ಇದು ಮೇಲಕ್ಕೆ ಹೋಗ್ತಿದೆ.”

ಸರಿಯಾದ ಮಾತು. ಭಾರಕ್ಕೆ ಹೆಜ್ಜೆ ಬಿಟ್ಟರೆ ಎತ್ತುವಾಗ ಬಿಡಬೇಕು, ಬಿಟ್ಟು ಕೆಳಗಿಳಿಯಬೇಕು, ಅಕ್ಷರ ದಪ್ಪವಾಗಬೇಕು. ಇಲ್ಲಿ ತಲೆ ಮೇಲೆ ಏರುತ್ತಿದೆ.

ಗೇಜ್ ಸ್ಟ್ಯಾಂಡನ್ನು ಕಾಲಮ್ಮಿಗೆ ಅಂಟಿಸಿ, ಮುಳ್ಳನ್ನು ತಲೆಯ ಕೆಳಗಿನ ಮುಖಕ್ಕೆ ತಾಗಿಸಿ ಸೊನ್ನೆ ಮಾಡಿದೆ. ಝಡ್ 5 ಮಿಮೀ ಕೆಳಗೆ, ಮತ್ತೆ ಸೊನ್ನೆಗೆ, ಹೀಗೆ 50 ಸಲ. ಮುಳ್ಳು ಸೊನ್ನೆಯಲ್ಲೇ ಬಂದು ನಿಂತಿತು. ನಿಮಿಷಕ್ಕೆ 300ರಲ್ಲೂ ಸೊನ್ನೆ, 1500ರಲ್ಲೂ ಸೊನ್ನೆ. ಮೋಟಾರ್ ಒಂದು ಹೆಜ್ಜೆಯೂ ಬಿಡುತ್ತಿಲ್ಲ.

ಬೋರ್ಡಿನ ಪ್ರೋಗ್ರಾಮನ್ನೇ ಸ್ಪಿಂಡಲ್ ಆಫ್ ಮಾಡಿ, ಬಿಟ್ ತೆಗೆದು ಗಾಳಿಯಲ್ಲಿ ಓಡಿಸಿದೆ. ಮುಗಿದಾಗ ಗೇಜ್ 0.30 ಮೇಲೆ. ಹಿತ್ತಾಳೆ ಇಲ್ಲ, ಒತ್ತಡ ಇಲ್ಲ, ಸ್ಪಿಂಡಲ್ ಗದ್ದಲ ಇಲ್ಲ. ಆದರೂ ಅದೇ 0.30.

ಎರಡಕ್ಕೂ ಏನು ವ್ಯತ್ಯಾಸ? ಬೋರ್ಡಿನಲ್ಲಿ ಝಡ್ ಇಳಿದ ಮೇಲೆ ಎಕ್ಸ್, ವೈ ಓಡುತ್ತವೆ, ಆಮೇಲೆ ಝಡ್ ಏಳುತ್ತದೆ. ನನ್ನ ಪರೀಕ್ಷೆಯಲ್ಲಿ ಬರೀ ಝಡ್. ಹಾಗಾಗಿ ಪರೀಕ್ಷೆ ತಿದ್ದಿದೆ. ಝಡ್ 5 ಕೆಳಗೆ, ಎಕ್ಸ್ 2 ಮಿಮೀ ಆಚೆ, ಝಡ್ ಸೊನ್ನೆಗೆ, ಎಕ್ಸ್ ಸೊನ್ನೆಗೆ. 50 ಸಲ. ಗೇಜ್ 0.31. ವೇಗ 300ಕ್ಕೆ ಇಳಿಸಿದೆ, 0.31. 5 ಮಿಮೀ ಬದಲು 1 ಮಿಮೀ ಇಳಿಸಿದೆ, 0.31. 50ರ ಬದಲು 25 ಸಲ ಮಾಡಿದೆ, ಸುಮಾರು 0.16.

ಅಲ್ಲಿಗೆ ದಾರಿ ಸಿಕ್ಕಿತು. ತಪ್ಪು ವೇಗವನ್ನು ನೋಡುತ್ತಿಲ್ಲ, ದೂರವನ್ನು ನೋಡುತ್ತಿಲ್ಲ, ಎಷ್ಟು ಸಲ ಇಳಿಯಿತು ಅಂತ ಮಾತ್ರ ಎಣಿಸುತ್ತಿದೆ. 0.3125 ಮಿಮೀಯನ್ನು 50ರಿಂದ ಭಾಗಿಸಿದರೆ 0.00625. ಒಂದು ಮೈಕ್ರೋಸ್ಟೆಪ್ ಅಂದರೆ ಒಂದು ಮಿಮೀಯ 320ನೇ ಒಂದು ಭಾಗ, 0.003125. ಇಳಿದಾಗಲೆಲ್ಲಾ ಸರಿಯಾಗಿ ಎರಡು ಪಲ್ಸ್ ತಪ್ಪು. ಬೋರ್ಡಿನ ಪ್ರೋಗ್ರಾಮ್ ತೆಗೆದು ಎಣಿಸಿದೆ. ಬಿಟ್ 48 ಸಲ ಇಳಿಯುತ್ತದೆ. 48ಕ್ಕೆ ಎರಡೆರಡರಂತೆ 96 ಪಲ್ಸ್, 0.3 ಮಿಮೀ. ಲೆಕ್ಕ ಕೂಡಿತು.

ನಮ್ಮ ಕನ್ನಡ ಅಕ್ಷರದಲ್ಲಿ ಇದು ಬೇಗ ಕಾಣಿಸಿದ್ದಕ್ಕೂ ಕಾರಣ ಇದೆ. ತಲೆಕಟ್ಟು ಬೇರೆ, ಒತ್ತು ಬೇರೆ, ದೀರ್ಘ ಬೇರೆ. ‘ಶ್ರೀ’ ಒಂದಕ್ಕೇ ಬಿಟ್ ನಾಲ್ಕು ಸಲ ಎದ್ದು ಇಳಿಯುತ್ತಿತ್ತು. ಅದೇ ವಾರ ಅಲ್ಯೂಮಿನಿಯಂ ಪ್ಲೇಟಿನಲ್ಲಿ ಉದ್ದ ಸ್ಲಾಟ್ ಹೊಡೆದಿದ್ದೆ. ಅದರಲ್ಲಿ ಒಂದೇ ಸಲ ಇಳಿಯುವುದು. 0.006 ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ.

ಎರಡು ಪಲ್ಸ್ ಎಲ್ಲಿ ಹೋದವು

ಕಂಟ್ರೋಲರಿನಿಂದ ಡ್ರೈವರ್‌ಗೆ ಎರಡು ಮುಖ್ಯ ಸಿಗ್ನಲ್. ಒಂದು ಪಲ್ಸ್, ಒಂದು ಬಂದರೆ ಒಂದು ಹೆಜ್ಜೆ. ಇನ್ನೊಂದು ಯಾವ ಕಡೆ ಅಂತ ಹೇಳುವ ದಿಕ್ಕಿನ ತಂತಿ. ಡಿಎಂ542 ಕೈಪಿಡಿಯಲ್ಲಿ ಒಂದು ಸಾಲಿದೆ: ದಿಕ್ಕಿನ ಸಿಗ್ನಲ್ ಪಲ್ಸ್‌ಗಿಂತ ಕನಿಷ್ಠ 5 ಮೈಕ್ರೋಸೆಕೆಂಡ್ ಮೊದಲೇ ಬದಲಾಗಿ ನಿಂತಿರಬೇಕು. ಆದರೆ ಜಿಆರ್‌ಬಿಎಲ್ ದಿಕ್ಕನ್ನು ಬದಲಾಯಿಸಿದ ತಕ್ಷಣ, ಅದೇ ಉಸಿರಿನಲ್ಲಿ ಪಲ್ಸನ್ನೂ ಎತ್ತುತ್ತದೆ. ಡ್ರೈವರ್ ಪಲ್ಸ್ ನೋಡಿದಾಗ ದಿಕ್ಕು ಇನ್ನೂ ಹಳೆಯದೇ. ಇಳಿಯಬೇಕಾದ ಮೊದಲ ಹೆಜ್ಜೆಯನ್ನು ಅದು ಮೇಲಕ್ಕೆ ಇಡುತ್ತದೆ. ಒಂದು ಹೆಜ್ಜೆ ಇಳಿಯಲಿಲ್ಲ, ಒಂದು ಹೆಜ್ಜೆ ಏರಿತು, ಒಟ್ಟು ಎರಡು.

ಹಾಗಾದರೆ ಏಳುವಾಗಲೂ ಹೀಗೇ ಆಗಬೇಕಲ್ವಾ? ಬರೀ ಝಡ್ ಓಡಿಸಿದಾಗ ಹಾಗೇ ಆಗುತ್ತಿತ್ತು. ಇಳಿಯುವಾಗ ಎರಡು ಮೇಲೆ, ಏಳುವಾಗ ಎರಡು ಕೆಳಗೆ, ಕೊನೆಗೆ ಸೊನ್ನೆ. ನನ್ನ ಮೊದಲ ಪರೀಕ್ಷೆ ಸುಳ್ಳು ಸಾಕ್ಷಿ ಹೇಳಿದ್ದು ಇದರಿಂದಲೇ. ಬೋರ್ಡಿನಲ್ಲಿ ಮಾತ್ರ ಬಿಟ್ ಇಳಿದ ಮೇಲೆ ಎಕ್ಸ್, ವೈ ಓಡುತ್ತವೆ. ಒಂದು ಚಲನೆಯಲ್ಲಿ ಯಾವ ಅಕ್ಷಕ್ಕೆ ಕೆಲಸ ಇಲ್ಲವೋ ಅದರ ದಿಕ್ಕಿನ ತಂತಿಯನ್ನು ಜಿಆರ್‌ಬಿಎಲ್ ಪ್ಲಸ್ ಕಡೆಗೆ ತಂದು ಬಿಡುತ್ತದೆ. ಝಡ್‌ಗೆ ಪ್ಲಸ್ ಅಂದರೆ ಮೇಲೆ. ಹಾಗಾಗಿ ಬಿಟ್ ಏಳುವ ಹೊತ್ತಿಗೆ ದಿಕ್ಕು ಎಷ್ಟೋ ಮೊದಲೇ ಸಿದ್ಧವಾಗಿರುತ್ತದೆ, ಅಲ್ಲಿ ತಪ್ಪಿಲ್ಲ. ಇಳಿಯುವಾಗ ಮಾತ್ರ ತಪ್ಪು. ಅದು ಒಂದೇ ಕಡೆಗೆ ಸೇರುತ್ತಾ ಹೋಗುತ್ತದೆ.

ಸರಿಪಡಿಸಿದ್ದು

ನನ್ನ ವೈರಿಂಗ್‌ನಲ್ಲಿ ಪಲ್ಸ್ ಮೈನಸ್, ದಿಕ್ಕಿನ ಮೈನಸ್ ಎರಡೂ ಉನೊದ ಗ್ರೌಂಡ್‌ಗೆ ಹೋಗಿದ್ದವು. ಉನೊ ಪಿನ್ ಮೇಲೇರಿದಾಗ ಡ್ರೈವರ್ ಎಣಿಸುತ್ತದೆ. ಅಂದರೆ ಪಲ್ಸಿನ ಮುಂದಿನ ಅಂಚು. ಅದನ್ನು ಹಿಂದಿನ ಅಂಚಿಗೆ ತಂದರೆ ದಿಕ್ಕಿಗೆ ಸಮಯ ಸಿಗುತ್ತದೆ. ಡಾಲರ್ 0 ಅಂದರೆ ಪಲ್ಸಿನ ಅಗಲ, ಅದು 10 ಮೈಕ್ರೋಸೆಕೆಂಡ್ ಇದೆ. ಡಾಲರ್ 2 ಪಲ್ಸನ್ನು ತಿರುಗಿಸುವ ಸೆಟ್ಟಿಂಗ್. ಎಕ್ಸ್‌ಗೆ 1, ವೈಗೆ 2, ಝಡ್‌ಗೆ 4, ಮೂರೂ ಸೇರಿ 7. ಡಾಲರ್ 2ಕ್ಕೆ 7 ಹಾಕಿದೆ. ಈಗ ಡ್ರೈವರ್ ಎಣಿಸುವುದು ದಿಕ್ಕು ಬದಲಾದ 10 ಮೈಕ್ರೋಸೆಕೆಂಡ್ ಆದ ಮೇಲೆ. ಬೇಕಾದ್ದು 5, ಸಿಕ್ಕಿದ್ದು 10.

ಅದೇ ಪರೀಕ್ಷೆ 50 ಸಲ ಓಡಿಸಿದೆ. ಮುಳ್ಳು ಸೊನ್ನೆ. 500 ಸಲ ಹಾಕಿ ಊಟಕ್ಕೆ ಹೋಗಿ ಬಂದೆವು. ಮುಳ್ಳು ಸೊನ್ನೆ.

ಸುಮ್ನೆ ಎಲ್ಲರೂ 7 ಹಾಕಬೇಡಿ. ನಿಮ್ಮ ವೈರಿಂಗ್‌ನಲ್ಲಿ ಪಲ್ಸ್ ಪ್ಲಸ್ 5 ವೋಲ್ಟ್‌ಗೆ ಹೋಗಿ, ಉನೊ ಪಿನ್ ಮೈನಸ್ ಕಡೆ ಇದ್ದರೆ ಡ್ರೈವರ್ ಆಗಲೇ ಹಿಂದಿನ ಅಂಚಿನಲ್ಲಿ ಎಣಿಸುತ್ತಿರುತ್ತದೆ. ಅಲ್ಲಿ ಡಾಲರ್ 2 ಸೊನ್ನೆಯೇ ಸರಿ. 7 ಹಾಕಿದರೆ ಇಲ್ಲದ ರೋಗ ತಂದುಕೊಂಡಂತೆ. ಒಂದು ವೈರಿಂಗ್‌ನಿಂದ ಇನ್ನೊಂದಕ್ಕೆ ಬದಲಾಯಿಸಿದರೆ ಅಕ್ಷ ಉಲ್ಟಾ ಓಡುತ್ತದೆ, ಅದನ್ನು ಡಾಲರ್ 3ರಲ್ಲಿ ತಿದ್ದಿ. ಜಿಆರ್‌ಬಿಎಲ್ ಬದಲು ಬೇರೆ ಸಾಫ್ಟ್‌ವೇರ್ ಇದ್ದರೆ, ಲಿನಕ್ಸ್‌ಸಿಎನ್‌ಸಿಯಲ್ಲಿ ದಿಕ್ಕಿನ ಸೆಟಪ್, ಹೋಲ್ಡ್ ಅಂತ ಬೇರೆ ಬೇರೆ ಸಮಯ ಕೊಡಬಹುದು, ಅಲ್ಲಿ ಲೆಕ್ಕ ನ್ಯಾನೋಸೆಕೆಂಡ್‌ನಲ್ಲಿ, 5 ಮೈಕ್ರೋ ಅಂದರೆ 5000. ಮ್ಯಾಕ್3ಯಲ್ಲಿ ಮೋಟಾರ್ ಟ್ಯೂನಿಂಗ್ ಪರದೆಯಲ್ಲಿ ಡಿರ್ ಪಲ್ಸ್ ಅನ್ನುವ ಖಾನೆ ಇದೆ.

ಹಿತ್ತಾಳೆ ಬೋರ್ಡನ್ನು ಹೊಸ ತಗಡಿನಲ್ಲಿ ಮತ್ತೆ ಹೊಡೆದೆ. ಮೊದಲ ‘ಶ್ರೀ’ಯ ಗೆರೆ 0.46. ಕೊನೆಯ ಸಾಲಿನ ಕೊನೆಯ ಅಕ್ಷರದ ದೀರ್ಘವನ್ನು ಹುಡುಗನೇ ಭೂತಗನ್ನಡಿ ಹಿಡಿದು ಅಳೆದ. 0.46. ಡಾಲರ್ ಸಂಖ್ಯೆಗಳನ್ನೆಲ್ಲ, ಪ್ರತಿ ಡ್ರೈವರಿನ ಸ್ವಿಚ್ ಯಾವುದು ಮೇಲೆ ಯಾವುದು ಕೆಳಗೆ ಅನ್ನುವುದನ್ನೂ ಒಂದು ಹಾಳೆಯಲ್ಲಿ ಬರೆದು, ಪೆಟ್ಟಿಗೆಯ ಬಾಗಿಲಿನ ಒಳಗೆ ಅಂಟಿಸಿದ್ದೇವೆ.